ಹಾಡು ಮತ್ತು ಹರೆಯ: ಪಂಡಿತ ಮಲ್ಲಿಕಾರ್ಜುನ ಮನಸೂರರ ಜೀವನಪಥ



ಕಳೆದ ಬಸವ ಜಯಂತಿಯ ಮೆರವಣಿಗೆ ಮುಗಿದ ಮರುದಿನ ಊರಿನ ಕೆಲವು ಹಿರಿಯರು ಶ್ರೀಮಠದ ಕಾರ್ಯಾಲಯಕ್ಕೆ ಬಂದು ತಮ್ಮ ಬೇಸರವನ್ನು ತೋಡಿಕೊಂಡರು. ಬಸವಣ್ಣನವರ ಭಾವಚಿತ್ರದ ಮುಂದೆ ಡಿಜೆ ಕಟ್ಟಿದ ವಾಹನ ಸಾಗಿತ್ತು. ಅದರಿಂದ ಹೊರಟ ಹಾಡುಗಳಲ್ಲಿ ಕೆಲವು ಮದ್ಯವನ್ನು ಹೊಗಳುವಂಥವು, ಕೆಲವು ಹೆಣ್ಣನ್ನು ಹಗುರವಾಗಿ ಕಾಣುವಂಥವು, ಇನ್ನು ಕೆಲವು ನಮ್ಮ ಜಾತಿಯೇ ಮೇಲೆಂದು ಅಬ್ಬರಿಸುವಂಥವು. ಮೇಲು ಕೀಳೆಂಬ ಭಾವವನ್ನು ಅಳಿಸುವುದಕ್ಕೆ ಬದುಕನ್ನೇ ಮುಡಿಪಾಗಿಟ್ಟ ಮಹಾನುಭಾವರ ಮುಂದೆಯೇ ಜಾತಿಯ ಹಮ್ಮಿನ ಹಾಡು ಮೊಳಗಿದ್ದು ಆ ಹಿರಿಯರಿಗೆ ನೋವು ತಂದಿತ್ತು. ಅದೇ ಸಂಜೆ ಮೆರವಣಿಗೆಯ ಮುಂದಾಳುಗಳಾಗಿದ್ದ ಯುವಕರೂ ಬಂದರು. ಆ ಹಾಡುಗಳಿಲ್ಲದಿದ್ದರೆ ತಮ್ಮ ವಯಸ್ಸಿನವರು ಬರುವುದಿಲ್ಲ, ಹಾಡಿನ ಅರ್ಥವನ್ನು ಯಾರೂ ಗಮನಿಸುವುದಿಲ್ಲ, ಎಲ್ಲರೂ ತಾಳಕ್ಕಷ್ಟೇ ಕುಣಿಯುತ್ತಾರೆ ಎಂಬುದು ಅವರ ವಾದ.

ಹಿರಿಯರ ನೋವು ನಿಜವಾದುದು. ಯುವಕರ ಮಾತಿನಲ್ಲಿಯೂ ಕಪಟವಿರಲಿಲ್ಲ. ಆದರೆ ಅರ್ಥವನ್ನು ಗಮನಿಸದೆ ಕೇಳಿದ ಹಾಡು ಮನಸ್ಸಿನ ಮೇಲೆ ಏನನ್ನೂ ಬಿಟ್ಟುಹೋಗುವುದಿಲ್ಲವೆ? ಕೆಟ್ಟ ಹಾಡು ಬೇಡವೆಂದರೆ ಅದರ ಜಾಗದಲ್ಲಿ ನಾವು ಏನನ್ನು ಇಡಬೇಕು? ಈ ಎರಡು ಪ್ರಶ್ನೆಗಳನ್ನು ಹಿಡಿದು ಆಲೋಚಿಸುವಾಗ ನಮ್ಮದೇ ನಾಡಿನ ಒಬ್ಬ ಶಿವಭಕ್ತ ಗಾಯಕರ ಬದುಕು ಕಣ್ಣೆದುರಿಗೆ ಬಂದಿತು. ಜನಪ್ರಿಯ ನಾಟಕದ ಹಾಡಿನಿಂದ ಬಾಳನ್ನು ಆರಂಭಿಸಿ, ಶರಣರ ವಚನವನ್ನು ಮನೆಮನೆಗೆ ಮುಟ್ಟಿಸಿದ ಪಂಡಿತ ಮಲ್ಲಿಕಾರ್ಜುನ ಮನಸೂರರ ಜೀವನವನ್ನು ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಮನಸೂರಿನ ಬಾಲಕ

ಧಾರವಾಡಕ್ಕೆ ಸಮೀಪದಲ್ಲಿರುವ ಮನಸೂರು ಎಂಬ ಹಳ್ಳಿಯಲ್ಲಿ 1910ರ ಡಿಸೆಂಬರ್ 31ರಂದು ಮಲ್ಲಿಕಾರ್ಜುನರು ಜನಿಸಿದರು. ತಂದೆ ಭೀಮರಾಯಪ್ಪನವರು ಊರಿನ ಗೌಡರು, ಒಕ್ಕಲುತನ ಅವರ ವೃತ್ತಿ. ಸಂಗೀತವೆಂದರೆ ಅವರಿಗೆ ಪ್ರಾಣ. ಮಕ್ಕಳು ತುಂಬಿದ ಮನೆ. ಹಳ್ಳಿಯ ಭಜನೆ, ಬಯಲಾಟ, ಹಬ್ಬದ ಹಾಡುಗಳ ನಡುವೆ ಬೆಳೆಯುವ ಮಗುವಿಗೆ ಸಂಗೀತವು ಪಾಠವಾಗಿ ಬರುವುದಕ್ಕೆ ಮೊದಲೇ ಗಾಳಿಯಾಗಿ ಬಂದಿರುತ್ತದೆ. ಮಲ್ಲಿಕಾರ್ಜುನರ ಬಾಲ್ಯವೂ ಅಂಥದೇ.

ಅಣ್ಣ ಬಸವರಾಜರು ನಾಟಕರಂಗದಲ್ಲಿದ್ದರು. ಆ ಮೂಲಕ ಒಂಬತ್ತರ ವಯಸ್ಸಿನಲ್ಲಿಯೇ ತಮ್ಮನೂ ಬಣ್ಣ ಹಚ್ಚಿದನು. ಶಾಲೆಯ ಓದು ಅಲ್ಲಿಗೇ ಕುಂಠಿತವಾಯಿತು. ಇಂದಿನ ತಂದೆತಾಯಿಗಳು ಇದನ್ನು ಕೇಳಿ ಹುಬ್ಬೇರಿಸಬಹುದು. ಅಂದಿನವರಲ್ಲಿಯೂ ನಾಟಕದ ಕಂಪನಿ ಸೇರಿದ ಹುಡುಗ ಕೆಟ್ಟನೆಂದೇ ತಿಳಿಯುವವರು ಬಹಳ ಮಂದಿ ಇದ್ದರು. ಊರೂರು ಅಲೆದಾಟ, ರಾತ್ರಿಯಿಡೀ ಜಾಗರಣೆ, ಹಗಲು ನಿದ್ದೆ, ದುಶ್ಚಟಗಳ ಸಹವಾಸ ಇವೆಲ್ಲವೂ ಕಂಪನಿಯ ಬದುಕಿಗೆ ಅಂಟಿಕೊಂಡ ಅಪವಾದಗಳು. ಆದರೂ ಭೀಮರಾಯಪ್ಪನವರು ಮಗನ ಕಂಠದಲ್ಲಿದ್ದುದನ್ನು ಗುರುತಿಸಿ ಅವನನ್ನು ತಡೆಯಲಿಲ್ಲ. ಅವರು ತಡೆದಿದ್ದರೆ ಕನ್ನಡ ನಾಡು ಏನನ್ನು ಕಳೆದುಕೊಳ್ಳುತ್ತಿತ್ತೆಂಬುದನ್ನು ಇಂದು ಸುಲಭವಾಗಿ ಊಹಿಸಬಹುದು.

ನಾಟಕದ ಹಾಡಿನ ಕಾಲ

ಆ ಕಾಲದ ಜನಪ್ರಿಯ ಸಂಗೀತವೆಂದರೆ ನಾಟಕದ ಹಾಡು. ಮಾತನಾಡುವ ಚಿತ್ರಗಳು ಇನ್ನೂ ಬಂದಿರಲಿಲ್ಲ, ಬಾನುಲಿ ನಮ್ಮ ಹಳ್ಳಿಗಳನ್ನು ಮುಟ್ಟಿರಲಿಲ್ಲ. ಶಿರಹಟ್ಟಿ ವೆಂಕೋಬರಾಯರು, ಗರೂಡ ಸದಾಶಿವರಾಯರು ಮೊದಲಾದವರ ಕಂಪನಿಗಳು ಉತ್ತರ ಕರ್ನಾಟಕದ ಊರುಗಳಲ್ಲಿ ತಂಬು ಹಾಕಿದರೆ ಸುತ್ತಲಿನ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಗಡಿಯ ಆಚೆಯಿಂದ ಬಾಲಗಂಧರ್ವರ ಮರಾಠಿ ನಾಟ್ಯಗೀತೆಗಳ ಗಾಳಿಯೂ ಧಾರವಾಡದ ಕಡೆಗೆ ಬಲವಾಗಿ ಬೀಸುತ್ತಿತ್ತು. ಪಾತ್ರಧಾರಿ ಹಾಡನ್ನು ಮುಗಿಸಿದೊಡನೆ ಪ್ರೇಕ್ಷಕರು ಒನ್ಸ್ ಮೋರ್ ಕೂಗುವರು, ಅದೇ ಹಾಡು ಎರಡು ಮೂರು ಸಲ ಮರುಕಳಿಸುವುದು, ಬೆಳಗಾದ ಮೇಲೆ ಹೊಲದಲ್ಲಿ ಕುಂಟೆ ಹೊಡೆಯುವ ಹುಡುಗನ ಬಾಯಿಯಲ್ಲಿ ಅದೇ ಹಾಡು ಕೇಳಿಬರುವುದು. ಇಂದು ಕೈಯೊಳಗಿನ ಮೊಬೈಲಿನಲ್ಲಿ ಒಂದು ಹಾಡು ದಿನಕ್ಕೆ ಹತ್ತು ಸಲ ಮೊಳಗುವುದಕ್ಕೂ ಇದಕ್ಕೂ ವೇಗದಲ್ಲಿ ಮಾತ್ರ ಅಂತರ.

ಆ ಹಾಡುಗಳೂ ಎಲ್ಲವೂ ಒಂದೇ ತರದವಾಗಿರಲಿಲ್ಲ. ಅಗ್ಗದ ಶೃಂಗಾರದವು ಇದ್ದವು. ಭಕ್ತ ಪ್ರಹ್ಲಾದ, ಧ್ರುವ, ಹರಿಶ್ಚಂದ್ರರ ಕಥೆಗಳ ಭಕ್ತಿಯ ಹಾಡುಗಳೂ ಇದ್ದವು. ಪರಕೀಯರ ಆಳಿಕೆಯನ್ನು ನೇರವಾಗಿ ಟೀಕಿಸಿದರೆ ಶಿಕ್ಷೆ ಕಾದಿದ್ದ ದಿನಗಳಲ್ಲಿ ಪುರಾಣ, ಇತಿಹಾಸಗಳ ಮರೆಯಲ್ಲಿ ಸ್ವಾತಂತ್ರ್ಯದ ಸಂದೇಶವನ್ನು ಹೊತ್ತ ಹಾಡುಗಳೂ ಇದ್ದವು. ಒಂದು ಹಾಡು ನಾಡಿನ ಮನಸ್ಸನ್ನು ಹೇಗೆ ತಿರುಗಿಸಬಲ್ಲದೆಂಬುದಕ್ಕೆ ಆ ಕಾಲದಲ್ಲಿಯೇ ದೊಡ್ಡ ಸಾಕ್ಷಿಯೊಂದು ದೊರೆಯಿತು. 1924ರಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಗದುಗಿನ ಹುಯಿಲಗೋಳ ನಾರಾಯಣರಾಯರು ರಚಿಸಿದ ನಾಡಗೀತವನ್ನು ಹಾಡಲಾಯಿತು. ಹಲವು ಆಡಳಿತಗಳಲ್ಲಿ ಹರಿದುಹಂಚಿಹೋಗಿದ್ದ ಕನ್ನಡಿಗರು 1956ರ ನವೆಂಬರ್ 1ರಂದು ಒಂದೇ ರಾಜ್ಯದಲ್ಲಿ ಕೂಡುವ ತನಕ ಆ ಗೀತೆ ಏಕೀಕರಣದ ಉಸಿರಾಗಿ ಉಳಿಯಿತು. ಆ ಅಧಿವೇಶನ ನಡೆದಾಗ ಮನಸೂರಿನ ಬಾಲಕನಿಗೆ ಹದಿನಾಲ್ಕು ತುಂಬುತ್ತಿತ್ತು.

ಹರೆಯದ ಮನಸ್ಸನ್ನು ಹಾಡು ಹಿಡಿಯುವ ಬಗೆಗೆ ನಮ್ಮ ಸೀಮೆಯ ಸಂಗೀತಗಾರರ ಬಾಲ್ಯವೇ ಉದಾಹರಣೆ. ಧಾರವಾಡದಲ್ಲಿ ಬೆಳೆದ ಗಂಗೂಬಾಯಿ ಹಾನಗಲ್ ಅವರು ಚಿಕ್ಕಂದಿನಲ್ಲಿ ಗ್ರಾಮೋಫೋನಿನ ಹಾಡು ಕೇಳಿದೊಡನೆ ಬೀದಿಗೆ ಓಡಿಬರುತ್ತಿದ್ದರು. ಗದುಗಿನ ಭೀಮಸೇನ ಜೋಶಿಯವರು ಬಾಲಕರಾಗಿದ್ದಾಗ ಉಸ್ತಾದ್ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯೊಂದನ್ನು ಕೇಳಿ, ಅಂಥ ಹಾಡನ್ನು ಕಲಿಸುವ ಗುರುವನ್ನು ಅರಸುತ್ತ ಮನೆಯನ್ನೇ ಬಿಟ್ಟು ಹೊರಟರು. ಒಂದು ಹಾಡಿನಿಂದ ಏನಾಗುತ್ತದೆ ಎಂದು ಕೇಳುವವರಿಗೆ ಇದು ಉತ್ತರ. ಮೂರು ನಿಮಿಷದ ಹಾಡು ಒಬ್ಬ ಹುಡುಗನ ಬಾಳಿನ ದಿಕ್ಕನ್ನೇ ಬದಲಿಸಬಲ್ಲದಾದರೆ, ಆ ಬಲವು ಒಳಿತಿಗೆ ಮಾತ್ರವೇ ಇದೆಯೆಂದು ಭಾವಿಸುವುದು ಸರಿಯಲ್ಲ. ಹಾಲನ್ನು ಹೊತ್ತು ತರುವ ಕೊಡವೇ ಹುಳಿ ಹೆಂಡವನ್ನೂ ಹೊತ್ತು ತರುತ್ತದೆ.

ಗುರುಕರುಣೆ

ರಂಗದ ಮೇಲೆ ಬಾಲಕ ಮಲ್ಲಿಕಾರ್ಜುನನ ಕಂಠವನ್ನು ಮೆಚ್ಚಿದ ಅಪ್ಪಯ್ಯಸ್ವಾಮಿಗಳು ಅವನಿಗೆ ಮೊದಲು ಕರ್ನಾಟಕ ಸಂಗೀತದ ಪಾಠವನ್ನು ಹೇಳಿಕೊಟ್ಟರು. ಅನಂತರ ಮೀರಜಿನ ನೀಲಕಂಠಬುವಾ ಅವರ ಆಶ್ರಯ ದೊರೆಯಿತು. ಗ್ವಾಲಿಯರ್ ಗಾಯನಪದ್ಧತಿಯನ್ನು ಮಹಾರಾಷ್ಟ್ರದಲ್ಲಿ ನೆಲೆಗೊಳಿಸಿದ ಬಾಲಕೃಷ್ಣಬುವಾ ಇಚಲಕರಂಜಿಕರ ಅವರ ಶಿಷ್ಯರು ನೀಲಕಂಠಬುವಾ. ಅವರು ಹುಡುಗನನ್ನು ನಾಟಕದಿಂದ ಬಿಡಿಸಿಕೊಂಡು ಗುರುಕುಲದ ಶಿಸ್ತಿಗೆ ಒಳಪಡಿಸಿದರು. ರಂಗದ ಮೇಲೆ ಚಪ್ಪಾಳೆ ಕೇಳಿ ಬೆಳೆದ ಹುಡುಗನಿಗೆ, ಕೇಳುವವರಿಲ್ಲದ ಕೋಣೆಯಲ್ಲಿ ಒಂದೇ ಸ್ವರವನ್ನು ಗಂಟೆಗಟ್ಟಲೆ ಸಾಧಿಸುವ ಕೆಲಸ ಎದುರಾಯಿತು. ಚಪ್ಪಾಳೆಯ ರುಚಿ ಕಂಡವನು ಅದನ್ನು ಬಿಟ್ಟು ಸಾಧನೆಗೆ ಕೂಡುವುದು ಎಷ್ಟು ಕಠಿಣವೆಂಬುದನ್ನು ಇಂದಿನ ಯುವಕಲಾವಿದರು ಬಲ್ಲರು.

ಆಮೇಲೆ ಬಂದದ್ದು ಬಾಳಿನ ಮಹತ್ತರ ತಿರುವು. ಜೈಪುರ ಅತ್ರೌಲಿ ಘರಾಣೆಯ ಮೂಲಪುರುಷರಾದ ಉಸ್ತಾದ್ ಅಲ್ಲಾದಿಯಾ ಖಾನರ ಮನೆತನದ ವಿದ್ಯೆ ಮನಸೂರರಿಗೆ ಒಲಿಯಿತು. ಖಾನಸಾಹೇಬರ ಮಗ ಮಂಜಿ ಖಾನರು ಅವರನ್ನು ಶಿಷ್ಯರನ್ನಾಗಿ ಸ್ವೀಕರಿಸಿದರು. ಆದರೆ ಕಲಿಕೆ ಇನ್ನೂ ಎಳೆಯದಾಗಿದ್ದಾಗಲೇ, 1937ರಲ್ಲಿ, ಮಂಜಿ ಖಾನರು ತೀರಿಕೊಂಡರು. ತಂದೆಯನ್ನು ಕಳೆದುಕೊಂಡಂತಾದ ಶಿಷ್ಯನನ್ನು ಅವರ ತಮ್ಮ ಭೂರ್ಜಿ ಖಾನರು ಕೈಹಿಡಿದು ಮುಂದಿನ ವಿದ್ಯೆಯನ್ನು ಧಾರೆಯೆರೆದರು. ಇತರರು ಹಾಡಲು ಹಿಂಜರಿಯುವ ಅಪರೂಪದ, ಜಟಿಲವಾದ ರಾಗಗಳ ಭಂಡಾರವೇ ಹೀಗೆ ಮನಸೂರರ ವಶವಾಯಿತು. ಶುದ್ಧ ನಟ, ಶಿವಮತ ಭೈರವ, ಏಕನಿಷಾದ ಬಿಹಾಗಡಾ, ಲಚ್ಛಾಸಾಖ ಮೊದಲಾದ ರಾಗಗಳ ಹೆಸರು ಬಂದಾಗಲೆಲ್ಲ ರಸಿಕರಿಗೆ ಮನಸೂರರ ನೆನಪಾಗುತ್ತದೆ.

ಇಲ್ಲಿ ಸದ್ಭಕ್ತರು ಒಂದು ನಿಮಿಷ ನಿಂತು ಯೋಚಿಸಬೇಕೆಂದು ನಮ್ಮ ವಿನಂತಿ. ಕೊರಳಲ್ಲಿ ಇಷ್ಟಲಿಂಗ ಧರಿಸಿದ ಲಿಂಗಾಯತ ಗೌಡರ ಮನೆಯ ಹುಡುಗ, ಮುಸಲ್ಮಾನ ಉಸ್ತಾದರ ಪಾದದ ಬಳಿ ಕುಳಿತು ವಿದ್ಯೆ ಪಡೆದನು. ಅವರು ಅವನ ಜಾತಿಯನ್ನು ಕೇಳಲಿಲ್ಲ, ತಮ್ಮ ಮನೆತನದ ಗುಟ್ಟಿನ ವಿದ್ಯೆಯೆಂದು ಬಚ್ಚಿಡಲಿಲ್ಲ. ಅವನೂ ಗುರುವಿನ ಕುಲವನ್ನು ಎಣಿಸಲಿಲ್ಲ, ತನ್ನ ಲಿಂಗಪೂಜೆಯನ್ನು ಬಿಡಲಿಲ್ಲ. ಮುಂದೆ ವಚನಗಳನ್ನು ನಮ್ಮ ಮನೆಯಂಗಳಕ್ಕೆ ತಂದ ಕಂಠವನ್ನು ತಿದ್ದಿ ತೀಡಿದವರು ಈ ಉಸ್ತಾದರು. ಆದುದರಿಂದ ಜಾತಿಯ ಹಮ್ಮಿನ ಹಾಡನ್ನು ಬಸವಣ್ಣನವರ ಹೆಸರಿನಲ್ಲಿ ಮೊಳಗಿಸುವಾಗ ನಾವು ಶರಣರಿಗಷ್ಟೇ ಅಲ್ಲ, ಅವರ ಮಾತನ್ನು ನಮಗೆ ಕೇಳಿಸಿದ ಗುರುಪರಂಪರೆಗೂ ದ್ರೋಹ ಬಗೆಯುತ್ತೇವೆ.

ಧ್ವನಿಮುದ್ರಿಕೆ ಮತ್ತು ಬಾನುಲಿ

ನಾಟಕದ ಕಾಲ ಇಳಿಮುಖವಾಗುತ್ತಿದ್ದಂತೆ ಗ್ರಾಮೋಫೋನು ಮೇಲೇರಿತು. ಮನಸೂರರು ಎಚ್.ಎಂ.ವಿ. ಸಂಸ್ಥೆಯಲ್ಲಿ ಸಂಗೀತ ನಿರ್ದೇಶಕರಾಗಿ ಕೆಲಸ ಮಾಡಿದರು, ಅವರ ಧ್ವನಿಮುದ್ರಿಕೆಗಳೂ ಹೊರಬಂದವು. ಆ ಕಾಲದ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷಗಳ ಹಾಡು ಮಾತ್ರ ಹಿಡಿಯುತ್ತಿತ್ತು. ಒಂದು ಗಂಟೆಯ ಕಾಲ ಬೆಳೆಸುವ ರಾಗವನ್ನು ಅಷ್ಟರಲ್ಲಿ ಹೇಳಿ ಮುಗಿಸಬೇಕು. ಅನಾವಶ್ಯಕವಾದ ಒಂದು ಸ್ವರಕ್ಕೂ ಅಲ್ಲಿ ಎಡೆಯಿಲ್ಲ. ಜನಪ್ರಿಯ ಮಾಧ್ಯಮವು ಕಲೆಯನ್ನು ಕೆಡಿಸುತ್ತದೆಂಬ ಮಾತು ಎಷ್ಟೋ ಸಲ ನಿಜ. ಆದರೆ ಸಾಧಕನ ಕೈಗೆ ಸಿಕ್ಕರೆ ಅದೇ ಮಾಧ್ಯಮ ಕಲೆಯನ್ನು ಸಾಣೆ ಹಿಡಿಯಲೂಬಲ್ಲದು.

1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಮನಸೂರರು ಮುಂದೆ ಅಲ್ಲಿ ಸಂಗೀತ ಸಲಹೆಗಾರರಾಗಿ ಸೇವೆ ಸಲ್ಲಿಸಿದರು. ಬಾನುಲಿಯ ಬಲವನ್ನು ಇಂದಿನ ತಲೆಮಾರಿಗೆ ತಿಳಿಸಿ ಹೇಳುವುದು ಸ್ವಲ್ಪ ಕಷ್ಟ. ಊರಿಗೊಂದು ಎರಡು ರೇಡಿಯೋ ಪೆಟ್ಟಿಗೆಗಳಿದ್ದ ಕಾಲವದು. ಗೌಡರ ಕಟ್ಟೆಯ ಮೇಲೋ, ಪಂಚಾಯಿತಿಯ ಪಡಸಾಲೆಯಲ್ಲೋ ಜನ ಕೂಡಿ ಕೇಳುತ್ತಿದ್ದರು. ಓದು ಬಾರದ ತಾಯಂದಿರು, ದುಡಿದು ಬಂದ ಆಳುಮಕ್ಕಳು, ಶಾಲೆಯ ಹುಡುಗರು ಎಲ್ಲರಿಗೂ ಒಂದೇ ಧ್ವನಿ ಒಂದೇ ಹೊತ್ತಿಗೆ ಮುಟ್ಟುತ್ತಿತ್ತು. ಆ ಬಾನುಲಿಯಲ್ಲಿ ಯಾವ ಹಾಡು ಬರಬೇಕೆಂಬುದು ಆದುದರಿಂದ ಸಣ್ಣ ವಿಷಯವಾಗಿರಲಿಲ್ಲ.

ವಚನಕ್ಕೆ ಸ್ವರ

ತಾಳೆಗರಿಗಳಲ್ಲಿ ಅಡಗಿದ್ದ ಶರಣರ ವಚನಗಳನ್ನು ಡಾ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಸಂಗ್ರಹಿಸಿ ಅಚ್ಚುಹಾಕಿಸಿದ ಕಥೆ ಸದ್ಭಕ್ತರೆಲ್ಲರಿಗೂ ತಿಳಿದಿದೆ. ಅವರ ವಚನಶಾಸ್ತ್ರಸಾರದ ಮೊದಲ ಭಾಗವು 1923ರಲ್ಲಿ ಪ್ರಕಟವಾಯಿತು. ಆದರೆ ಅಚ್ಚಾದ ಪುಸ್ತಕವು ಓದು ಬಲ್ಲವರನ್ನು ಮಾತ್ರ ಮುಟ್ಟುತ್ತದೆ. ಅಕ್ಷರವೇ ಅಪರೂಪವಾಗಿದ್ದ ಅಂದಿನ ಹಳ್ಳಿಗಳಲ್ಲಿ ವಚನವು ಮತ್ತೆ ಜನರ ಬಾಯಿಗೆ ಬರಬೇಕಾದರೆ ಅದು ಕಿವಿಯ ಮೂಲಕವೇ ಬರಬೇಕಾಗಿತ್ತು. ಹಳಕಟ್ಟಿಯವರು ಕಣ್ಣಿಗೆ ತಂದುಕೊಟ್ಟ ವಚನವನ್ನು ಕಿವಿಗೆ ತಂದುಕೊಟ್ಟವರಲ್ಲಿ ಮನಸೂರರು ಅಗ್ರಗಣ್ಯರು. ಪಂಡಿತ ಬಸವರಾಜ ರಾಜಗುರು, ಪಂಡಿತ ಸಿದ್ಧರಾಮ ಜಂಬಲದಿನ್ನಿ ಮೊದಲಾದ ಮಹನೀಯರೂ ಈ ಕೈಂಕರ್ಯದಲ್ಲಿ ಪಾಲುಗೊಂಡರು.

ಈ ಕೆಲಸ ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ವಚನಕ್ಕೆ ಕೀರ್ತನೆಯಂತೆ ಪಲ್ಲವಿ ಚರಣಗಳ ವಿಂಗಡಣೆಯಿಲ್ಲ, ಕಟ್ಟುನಿಟ್ಟಾದ ಛಂದಸ್ಸಿಲ್ಲ, ಸಾಲುಗಳು ಒಂದೇ ಅಳತೆಯವಲ್ಲ. ಅದು ಮಾತಿಗೂ ಹಾಡಿಗೂ ನಡುವೆ ನಿಂತಿರುವಂಥದು. ತಾಳದ ಚೌಕಟ್ಟಿಗೆ ಬಲವಂತವಾಗಿ ತುರುಕಿದರೆ ಅದರ ಅರ್ಥ ಮುರಿಯುತ್ತದೆ. ಬರಿದೇ ಓದಿದರೆ ಕೇಳುವವನ ಎದೆಗೆ ಇಳಿಯುವುದಿಲ್ಲ. ಮನಸೂರರು ವಚನವನ್ನು ಹಾಡುವಾಗ ಮಾತು ಎಲ್ಲಿಯೂ ಮಸುಕಾಗುವುದಿಲ್ಲ. ತಾನಿನ ಆಡಂಬರವನ್ನು ಅವರು ಬದಿಗಿಡುತ್ತಾರೆ. ಒಂದು ನುಡಿಯನ್ನು ಮತ್ತೆ ಮತ್ತೆ ಬೇರೆ ಬೇರೆ ಸ್ವರಗಳಲ್ಲಿ ತಿರುಗಿಸಿ, ಅದರೊಳಗಿನ ಭಾವದ ಪದರಗಳನ್ನು ಬಿಡಿಸಿ, ಕೊನೆಗೆ ಅಂಕಿತಕ್ಕೆ ಬಂದು ನಿಲ್ಲುತ್ತಾರೆ. ಮಲೆಯಲ್ಲಿ ನೆಲೆಸಿದ ತನ್ನ ಒಡೆಯನನ್ನು ಕನಸಿನಲ್ಲಿ ಕಂಡೆನೆಂದು ಅಕ್ಕಮಹಾದೇವಿಯವರು ಹೇಳುವ ವಚನವನ್ನು ಅವರ ಕಂಠದಲ್ಲಿ ಕೇಳಿದವರಿಗೆ, ಅದನ್ನು ಬೇರೆಯ ಧಾಟಿಯಲ್ಲಿ ನೆನೆಯುವುದೇ ಅಸಾಧ್ಯವಾಗುತ್ತದೆ.

ಸಂಗೀತದ ಸೊಗಸಿನಲ್ಲಿ ವಚನದ ಅರಿವು ಮರೆಯಾಗದೆ ಎಂಬ ಸಂದೇಹ ಕೆಲವು ಬಲ್ಲವರಲ್ಲಿದೆ. ಅದು ತಳ್ಳಿಹಾಕುವಂಥ ಸಂದೇಹವಲ್ಲ. ಸ್ವತಃ ಬಸವಣ್ಣನವರು ತಮಗೆ ತಾಳಮಾನಗಳ ಲೆಕ್ಕ ತಿಳಿಯದೆಂದು ಹೇಳಿಕೊಂಡು, ಒಲಿದಂತೆ ಹಾಡುವೆನೆಂದರು. ಮತ್ತೊಂದೆಡೆ ತಮ್ಮ ಶರೀರವನ್ನೇ ವಾದ್ಯವನ್ನಾಗಿ ಮಾಡಿ ನುಡಿಸೆಂದು ಕೂಡಲಸಂಗಮನಾಥನನ್ನು ಬೇಡಿದರು. ಹಾಡುವವನ ಬಾಳೇ ವಾದ್ಯವಾಗದೆ ಹಾಡು ಪೂಜೆಯಾಗದೆಂಬುದು ಇದರ ತಾತ್ಪರ್ಯ. ಮನಸೂರರ ವಚನಗಾಯನ ನಿಂತಿರುವುದು ಈ ನೆಲೆಯ ಮೇಲೆ. ಅದನ್ನು ಅವರು ಕಚೇರಿಯ ಕೊನೆಯ ಅಲಂಕಾರವೆಂದು ಭಾವಿಸಲಿಲ್ಲ, ತಮ್ಮ ನಿತ್ಯದ ಲಿಂಗಪೂಜೆಯ ಮುಂದುವರಿಕೆಯೆಂದು ಭಾವಿಸಿದರು.

ಮಠದ ನೆರಳು, ತಡವಾಗಿ ಬಂದ ಕೀರ್ತಿ

ಧಾರವಾಡದ ಮುರುಘಾಮಠದ ಪೂಜ್ಯ ಮೃತ್ಯುಂಜಯ ಅಪ್ಪಗಳಲ್ಲಿ ಮನಸೂರರಿಗೆ ಅಚಲವಾದ ಭಕ್ತಿಯಿತ್ತು. ಬಡ ವಿದ್ಯಾರ್ಥಿಗಳಿಗೆ ಅನ್ನ, ಆಶ್ರಯಗಳನ್ನಿತ್ತು ಓದಿಸಿದ ಆ ಮಹಾಸ್ವಾಮಿಗಳ ಸನ್ನಿಧಿಯು ಗಾಯಕನಿಗೆ ಮನಸ್ಸನ್ನು ತಿಳಿಗೊಳಿಸುವ ತಾಣವಾಗಿತ್ತು. ಉಸ್ತಾದರು ಸ್ವರವನ್ನು ಕೊಟ್ಟರೆ, ಆ ಸ್ವರವನ್ನು ಯಾರಿಗೆ ಅರ್ಪಿಸಬೇಕೆಂಬ ಅರಿವನ್ನು ಮಠ ಕೊಟ್ಟಿತು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ನಾವು ಬಲ್ಲ ಮನಸೂರರು ಇರುತ್ತಿರಲಿಲ್ಲ.

ಅವರ ವಿದ್ವತ್ತು ದೊಡ್ಡದಾದರೂ ದೇಶದ ಗಮನ ಅವರತ್ತ ಪೂರ್ಣವಾಗಿ ಹರಿದದ್ದು ಅರವತ್ತರ ಆಸುಪಾಸಿನಲ್ಲಿ. 1970ರಲ್ಲಿ ಪದ್ಮಶ್ರೀ, 1971ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1976ರಲ್ಲಿ ಪದ್ಮಭೂಷಣ, 1982ರಲ್ಲಿ ಅಕಾಡೆಮಿಯ ಫೆಲೋಶಿಪ್, 1992ರಲ್ಲಿ ಪದ್ಮವಿಭೂಷಣ ಗೌರವಗಳು ಸಂದವು. ಅದಕ್ಕೆ ಮುಂಚಿನ ದೀರ್ಘಕಾಲ ಅವರು ದೊಡ್ಡ ಸಂಸಾರದ ಹೊಣೆಯನ್ನು ಹೊತ್ತು, ಹೆಸರಿಗಾಗಿ ಹಪಹಪಿಸದೆ, ಧಾರವಾಡವನ್ನು ಬಿಡದೆ ದುಡಿದರು. ಮಗ ರಾಜಶೇಖರ ಮನಸೂರ, ಮಗಳು ನೀಲಾ ಕೊಡ್ಲಿ ತಂದೆಯ ವಿದ್ಯೆಯನ್ನು ಮುಂದುವರಿಸಿದರು. ತಮ್ಮ ಬಾಳಿನ ಕಥೆಯನ್ನು ಮನಸೂರರು ನನ್ನ ರಸಯಾತ್ರೆ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಬರೆದಿಟ್ಟರು. ಮುಪ್ಪಿನಲ್ಲಿಯೂ ಅವರ ಕಂಠದ ಕಾವು ಕುಗ್ಗಲಿಲ್ಲ. ಬಿಳಿಯ ಧೋತರ, ತಲೆಯ ಮೇಲೆ ಟೋಪಿ, ಹಣೆಯಲ್ಲಿ ವಿಭೂತಿ, ಕೃಶವಾದ ದೇಹ; ಷಡ್ಜ ಹಚ್ಚಿದೊಡನೆ ಅದೇ ದೇಹದಿಂದ ಹೊರಡುವ ಆ ತುಂಬು ದನಿ ಸಭೆಯನ್ನು ಬೆರಗುಗೊಳಿಸುತ್ತಿತ್ತು.

1992ರ ಸೆಪ್ಟೆಂಬರ್ 12ರಂದು ಅವರು ಲಿಂಗೈಕ್ಯರಾದರು. ಧಾರವಾಡದಲ್ಲಿರುವ ಅವರ ಮನೆ ಇಂದು ಸ್ಮಾರಕವಾಗಿದೆ. ಅವರು ಅಗಲಿದಾಗ ಹುಟ್ಟಿಯೇ ಇರದ ಮಕ್ಕಳು ಇಂದು ನಮ್ಮ ಮೆರವಣಿಗೆಗಳಲ್ಲಿ ಕುಣಿಯುವ ತರುಣರಾಗಿದ್ದಾರೆ.

ನಾವು ಮಾಡಬೇಕಾದುದು

ಈಗ ಮೊದಲಿನ ಪ್ರಶ್ನೆಗಳಿಗೆ ಮರಳೋಣ. ಅರ್ಥವನ್ನು ಗಮನಿಸದೆ ಕೇಳಿದ ಹಾಡು ಏನನ್ನೂ ಮಾಡದೆಂಬ ಮಾತು ಸತ್ಯವಲ್ಲವೆಂದು ಮನಸೂರರ ಬಾಳು ಹೇಳುತ್ತದೆ. ಬಾನುಲಿಯಲ್ಲಿ ಅಕ್ಕನ ವಚನವನ್ನು ಕೇಳಿದ ಎಷ್ಟೋ ತಾಯಂದಿರು ಮೊದಲ ದಿನ ಅದರ ಅರ್ಥವನ್ನು ವಿಚಾರಿಸಲಿಲ್ಲ. ಧಾಟಿಗೆ ಮನಸೋತರು, ನುಡಿ ತಾನಾಗಿಯೇ ಬಾಯಿಗೆ ಬಂದಿತು, ಅರ್ಥ ಬಹುದಿನಗಳ ಮೇಲೆ ಬಾಳಿನ ಯಾವುದೋ ಕಷ್ಟದ ಗಳಿಗೆಯಲ್ಲಿ ಬಿಚ್ಚಿಕೊಂಡಿತು. ವಚನ ಹೀಗೆ ಒಳಗಿಳಿಯುವುದಾದರೆ, ಹೆಣ್ಣನ್ನು ಹೀಯಾಳಿಸುವ ನುಡಿಯೂ, ಕುಡಿತವನ್ನು ಗಂಡಸುತನವೆನ್ನುವ ನುಡಿಯೂ, ನೆರೆಯ ಕೇರಿಯವರನ್ನು ಕೀಳೆಂದು ಅಣಕಿಸುವ ನುಡಿಯೂ ಅದೇ ದಾರಿಯಿಂದ ಒಳಗಿಳಿಯುತ್ತವೆ. ಕಾಲುಗಳು ತಾಳಕ್ಕೆ ಕುಣಿಯುತ್ತಿರುವಾಗ ನುಡಿಗಳು ಮನಸ್ಸಿನಲ್ಲಿ ಮನೆ ಮಾಡುತ್ತಿರುತ್ತವೆ. ಯುವಕರು ಇದನ್ನು ಶಾಂತವಾಗಿ ಯೋಚಿಸಬೇಕು.

ಹಿರಿಯರಿಗೂ ಒಂದು ಮಾತು. ಭೀಮರಾಯಪ್ಪನವರ ಕಾಲದ ಹಿರಿಯರು ನಾಟಕದ ಹಾಡನ್ನು ಕಂಡಂತೆಯೇ ನಾವು ಇಂದಿನ ಹಾಡನ್ನು ಕಾಣುತ್ತಿದ್ದೇವೆ. ಅಂದು ಮನೆಯವರು ಹುಡುಗನಿಗೆ ಹಾಡಬೇಡವೆಂದು ಬಾಯಿ ಕಟ್ಟಲಿಲ್ಲ. ಗುರುಗಳು ಅವನನ್ನು ಇನ್ನೂ ಎತ್ತರದ ಹಾಡಿನ ಕಡೆಗೆ ಕರೆದೊಯ್ದರು. ಕೆಳಗಿನದು ತಾನಾಗಿಯೇ ಬಿಟ್ಟುಹೋಯಿತು. ಡಿಜೆ ಕೂಡದೆಂಬ ಆದೇಶವೊಂದನ್ನೇ ಹೊರಡಿಸಿ ನಾವು ಕೈತೊಳೆದುಕೊಂಡರೆ ತರುಣರು ಮೆರವಣಿಗೆಯನ್ನು ಬಿಟ್ಟಾರು, ಆ ಹಾಡುಗಳನ್ನು ಬಿಡಲಾರರು. ಅವರ ಕಿವಿಗೆ ಅದಕ್ಕಿಂತ ಚೆಲುವಾದುದನ್ನು ನಾವು ಕೊಟ್ಟಿದ್ದೇವೆಯೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಸಿನಿಮಾ ಹಾಡಿನ ಧಾಟಿಗೆ ಅವಸರದಲ್ಲಿ ವಚನವನ್ನು ಅಂಟಿಸಿ, ಶ್ರುತಿ ಲಯಗಳ ಅರಿವಿಲ್ಲದೆ ಹಾಡಿಸಿ, ಇದು ಭಕ್ತಿಗೀತೆ ಕೇಳಿ ಎಂದರೆ ತರುಣರು ಕೇಳುವುದಿಲ್ಲ. ಕೇಳದಿರುವುದು ಅವರ ತಪ್ಪೂ ಅಲ್ಲ. ಮನಸೂರರು ವಚನಕ್ಕೆ ತಮ್ಮ ಅತ್ಯುತ್ತಮವಾದ ವಿದ್ಯೆಯನ್ನು ಕೊಟ್ಟರು, ಉಳಿದುದನ್ನಲ್ಲ.

ಎಲ್ಲ ತರುಣರೂ ಶಾಸ್ತ್ರೀಯ ಸಂಗೀತವನ್ನೇ ಅಪ್ಪಬೇಕೆಂಬುದು ನಮ್ಮ ಆಗ್ರಹವಲ್ಲ. ಇಂದಿನ ವಾದ್ಯಗಳಲ್ಲಿ, ಇಂದಿನ ಲಯದಲ್ಲಿ ಅವರು ವಚನವನ್ನು ಹಾಡಲಿ. ನಾಟಕದ ಹಾಡೂ ಒಂದು ಕಾಲಕ್ಕೆ ಹೊಸತೇ ಆಗಿತ್ತು. ಹಾಡಿನ ನುಡಿ ಯಾರನ್ನೂ ಕೀಳಾಗಿಸದಿರಲಿ, ಹಾಡುವವರು ಆ ನುಡಿಯ ಅರ್ಥವನ್ನು ಅರಿತು ಹಾಡಲಿ, ಕಲಿಯಲು ತಕ್ಕಷ್ಟು ಶ್ರಮಪಡಲಿ. ನಾವು ಕೇಳುವುದು ಇಷ್ಟನ್ನೇ.

ಈ ವಿಚಾರಗಳನ್ನು ಪೂಜ್ಯರ ಸನ್ನಿಧಿಯಲ್ಲಿ ನಿವೇದಿಸಲಾಗಿದೆ. ಶ್ರೀಮಠದ ಅನುಭವ ಮಂಟಪದಲ್ಲಿ ವಾರಕ್ಕೊಮ್ಮೆ ಸಂಜೆ ವಚನಗಾಯನದ ಪಾಠವನ್ನು ಆರಂಭಿಸಲು ಪೂಜ್ಯರು ಅಪ್ಪಣೆ ದಯಪಾಲಿಸಿದ್ದಾರೆ. ಪಾಠಕ್ಕೆ ಜಾತಿ, ಮತ, ಲಿಂಗಗಳ ಭೇದವಿಲ್ಲ. ಮೆರವಣಿಗೆಯಲ್ಲಿ ಮುಂದಾಳುಗಳಾಗಿದ್ದ ಯುವಕರನ್ನೇ ಮೊದಲ ವಿದ್ಯಾರ್ಥಿಗಳಾಗಿ ಆಹ್ವಾನಿಸಿದ್ದೇವೆ. ಬೇಸರ ತೋಡಿಕೊಂಡ ಹಿರಿಯರು ಎದುರಿಗೆ ಕುಳಿತು ಕೇಳಬೇಕೆಂದು ಪ್ರಾರ್ಥಿಸಿದ್ದೇವೆ. ಮನೆಯಲ್ಲಿ ಬಳಕೆಯಿಲ್ಲದೆ ಇಟ್ಟಿರುವ ಪೇಟಿ, ತಬಲಾಗಳಿದ್ದರೆ ಸದ್ಭಕ್ತರು ಶ್ರೀಮಠಕ್ಕೆ ಒಪ್ಪಿಸಬಹುದು. ಮುಂದಿನ ಬಸವ ಜಯಂತಿಯಂದು ಬಸವಣ್ಣನವರ ಭಾವಚಿತ್ರದ ಮುಂದೆ ನಮ್ಮ ಮಕ್ಕಳದೇ ಕಂಠದಿಂದ ಒಂದಾದರೂ ವಚನ ಕೇಳಿಬಂದರೆ, ಮನಸೂರಿನಿಂದ ಹೊರಟ ಆ ದನಿ ನಮ್ಮ ಊರನ್ನೂ ಮುಟ್ಟಿತೆಂದು ತಿಳಿಯೋಣ.